ಉಪ್ಪಿನ ಗುಡ್ಡ ಕುಸಿದ ದಿನ

ಎದುರು ಮನೆಯಾಕೆ ಕೇಕ್ ಮಾಡುವವರೆಂದು ನಾನು ಎರಡು ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಬೆಳಗ್ಗೆ ಹೊರಡುವಾಗ ಕೈಚೀಲದಲ್ಲಿ ಜರಡಿ, ಮೊಳದುದ್ದದ ಚಾಕು. ಸಂಜೆ ಬರುವಾಗ ಮೊಣಕೈವರೆಗೆ ನೀಲಿ, ಹಳದಿ ಪುಡಿ. ಒಂದು ದಿನ ಧೈರ್ಯ ಮಾಡಿ, "ಅಕ್ಕಾ, ಭಾನುವಾರಕ್ಕೆ ಎರಡು ಕಿಲೋದು ಒಂದು ಬೇಕಿತ್ತು" ಎಂದೆ.

"ಅದಕ್ಕೇನು, ಕೊಡೋಣ. ಹಲ್ಲು ಗಟ್ಟಿ ಇದೆಯಾ?" ಎಂದರು.

ಆಕೆ ಕೊಯ್ಯುತ್ತಿದ್ದದ್ದು ಕಡಲ ತಳವನ್ನು. ಭೂವಿಜ್ಞಾನ ಸಂಸ್ಥೆಯ ನೆಲಮಾಳಿಗೆಯಲ್ಲಿ ಮಂಚದಷ್ಟು ಉದ್ದದ, ಗಾಜಿನ ಬದಿಯ ಒಂದು ಮೇಜು. ತಳದಲ್ಲಿ ಎರಡು ತಗಡು, ಅವನ್ನು ಮೆಲ್ಲಗೆ ದೂರ ಎಳೆಯುವ ಮೋಟಾರು. ತಗಡಿನ ಮೇಲೆ ಗುಲಾಬಿ ಬಣ್ಣದ ಸಿಲಿಕೋನ್ ಅಂಟು: ಅದು ಉಪ್ಪು. ಅದರ ಮೇಲೆ ಜರಡಿ ಹಿಡಿದ ಬಣ್ಣದ ಮರಳು: ಅದು ಹೂಳು. ಖಂಡವೊಂದು ಸೀಳಿ ಅಗಲವಾಗುತ್ತ ನಡುವೆ ತಗ್ಗು ಬೀಳುವುದು, ಆ ತಗ್ಗಿಗೆ ನುಗ್ಗಿದ ಸಮುದ್ರ ಆರಿ ಉಪ್ಪು ಉಳಿಯುವುದು, ಅದರ ಮೇಲೆ ನದಿಗಳು ಹೂಳು ಹೇರುವುದು, ಹೊರೆ ತಾಳದ ಉಪ್ಪು ಮೇಲಕ್ಕೆ ದಾರಿ ಹುಡುಕುವುದು, ಈ ಸಂಸಾರವನ್ನೆಲ್ಲ ಆಕೆ ಆ ಮೇಜಿನ ಮೇಲೆ ನಡೆಸುತ್ತಿದ್ದರು. ಅಲ್ಲಿ ಒಂದು ಗಂಟೆಯೆಂದರೆ ಇಪ್ಪತ್ತು ಲಕ್ಷ ವರ್ಷ.

ಸಂಸ್ಥೆಯಲ್ಲಿ ಎಲ್ಲರ ಬಾಯಲ್ಲೂ ಆಕೆ ಮರಳಕ್ಕ. ಮನೆಯಲ್ಲಿ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ಮರಳಲ್ಲಿ ಆಡೋದಕ್ಕೆ ನಮ್ಮ ಸೊಸೆಗೆ ತಿಂಗಳ ಸಂಬಳ. ಇದು ಗೊತ್ತಿಲ್ದೆ ನನ್ನ ಮಗನ್ನ ಬೈದು ಬೈದು ಸ್ಕೂಲಿಗೆ ಅಟ್ಟಿದೆ."

ಆ ವರ್ಷ ಹೊಸ ನಿರ್ದೇಶಕರು ಬಂದರು. ಕೈಯಲ್ಲಿ ಸದಾ ಕೆಂಪು ಚುಕ್ಕೆ ಬಿಡುವ ದೀಪದ ಕಡ್ಡಿ. ಕ್ಯಾಂಟೀನಿನಲ್ಲಿ ಚಹಾ ಬೇಕಾದರೂ ಚುಕ್ಕೆ ಬಿಟ್ಟೇ ತೋರಿಸುತ್ತಿದ್ದರು. ಚುಕ್ಕೆ ನೆಲಮಾಳಿಗೆಯ ಮೇಲೂ ಬಿತ್ತು. "ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತಲ್ಲಮ್ಮ. ಈ ಮೇಜು ಗುಜರಿಗೆ ಹಾಕಿದರೆ ಇಲ್ಲೊಂದು ಒಳ್ಳೇ ಸಭಾಂಗಣ ಆಗುತ್ತೆ." ಪರಿಶೀಲನಾ ಸಮಿತಿ ಬಂದು ಹೂಂ ಅನ್ನುವುದೊಂದೇ ಬಾಕಿ. ಇಪ್ಪತ್ತೆರಡು ವರ್ಷ ಕೈಯಾಡಿಸಿದ ಮೇಜು. ಮರಳಕ್ಕನಿಗೆ ಅನ್ನ ಸೇರಲಿಲ್ಲ.

ಆಗ ಸಂಸ್ಥೆಯವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದ ಚಿತ್ರವೊಂದಿತ್ತು. ಕಡಲ ತಳದೊಳಕ್ಕೆ ಸದ್ದು ಕಳಿಸಿ, ಮರುದನಿಯಿಂದ ಮೂಡಿಸಿದ್ದು. ಅದರಲ್ಲಿ ಉಪ್ಪಿನ ಗುಡ್ಡದ ನೆತ್ತಿಯ ಮೇಲಿನ ಪದರಗಳು ಉಬ್ಬುವ ಬದಲು ಗುಂಡಿ ಬಿದ್ದಿದ್ದವು.

"ಉಪ್ಪು ಹಗುರ, ಮೇಲಕ್ಕೇ ತಳ್ಳಬೇಕು. ಚಿತ್ರವೇ ತಪ್ಪು" ಎಂದು ನಿರ್ದೇಶಕರು ತೀರ್ಪು ಕೊಟ್ಟರು.

"ಚಿತ್ರ ಸರಿಯಾಗಿದೆ ಸಾರ್. ಗುಡ್ಡ ಎದ್ದಿತ್ತು, ಆಮೇಲೆ ಕುಸೀತು" ಎಂದರು ಮರಳಕ್ಕ.

"ಎದ್ದಿದ್ದು ಯಾಕಮ್ಮ ಕುಸಿಯುತ್ತೆ?"

"ಸಮಿತಿಯವರ ಮುಂದೇನೇ ತೋರಿಸ್ತೀನಿ."

ಸಮಿತಿಯ ಮೂವರೂ ಬಂದರು. ಅಧ್ಯಕ್ಷರ ಎರಡು ಫೋನುಗಳು ಸರದಿಯ ಮೇಲೆ ಬಡಿದುಕೊಳ್ಳುತ್ತಿದ್ದವು. ಮೋಟಾರು ಹೊರಟ ಇಪ್ಪತ್ತೇ ನಿಮಿಷಕ್ಕೆ ಅಧ್ಯಕ್ಷರು ಆಕಳಿಸಿದರು. ಆ ಆಕಳಿಕೆ ನೆಟ್ಟಗೆ ನಿರ್ದೇಶಕರ ಎದೆಗೆ ನಾಟಿತು. ಮರಳಕ್ಕ ಜರಡಿ ತರಲು ಆಚೆ ತಿರುಗಿದ್ದೇ ತಡ, ಅವರು ಮೋಟಾರಿನ ವೇಗದ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟರು. ಗುಲಾಬಿ ಅಂಟು ಹಳೇ ಚಪ್ಪಲಿಯ ಬಾರಿನಂತೆ ಪಟ್ಟನೆ ಕಿತ್ತುಹೋಗಿ, ಮರಳೆಲ್ಲ ಅದರೊಳಕ್ಕೆ ಸುರಿಯಿತು.

"ನೋಡಿದಿರಾ? ಈ ಮೇಜು ಗುಜರಿಗೇ ಸರಿ ಅಂತ ನಾನು ಹೇಳಿರಲಿಲ್ಲವಾ?" ಎಂದರು ನಿರ್ದೇಶಕರು. ಕೆಡಿಸಿದವರೇ ಸಾಕ್ಷಿಯನ್ನೂ ಹೇಳುವ ಈ ಕಲೆ ದೊಡ್ಡ ಹುದ್ದೆಗೇರದೆ ಒಲಿಯುವುದಿಲ್ಲ.

ಮರಳಕ್ಕ ಕೂಗಾಡಲಿಲ್ಲ. ಅಧ್ಯಕ್ಷರ ಕಡೆ ತಿರುಗಿದರು. "ಮೆಲ್ಲಗೆ ಎಳೆದ್ರೆ ಮಾತ್ರ ಇದು ಉಪ್ಪಿನ ಥರ ನಡ್ಕೊಳ್ಳುತ್ತೆ ಸಾರ್. ಅವಸರ ಮಾಡಿದ್ರೆ ಬರೀ ರಬ್ಬರು. ನಾಳೆ ಬೆಳಗ್ಗೆ ಏಳಕ್ಕೆ ಶುರು, ಸಂಜೆ ಐದಕ್ಕೆ ಕೊಯ್ತೀನಿ. ಆಮೇಲೆ ಬೇಕಾದ್ರೆ ಗುಜರಿಗೆ ಹಾಕಿ."

ಮಧ್ಯಾಹ್ನವೆಲ್ಲ ಕೂತು ಹೊಸದಾಗಿ ಅಂಟು ಹಾಸಿದರು, ಮರಳು ಜರಡಿ ಹಿಡಿದರು. ಮರುದಿನ ಜೊತೆಗೆ ಕಾವಲೂ ಬಂತು. ಮೋಟಾರಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಅತ್ತೆ ಕೂತರು. ಹತ್ತು ಗಂಟೆಗೆ ನಿರ್ದೇಶಕರು ಆ ಕಡೆ ಸುಳಿದಾಗ, "ಏನಪ್ಪಾ, ಕೈ ಕಡೀತಿದೆಯಾ?" ಎಂದು ವಿಚಾರಿಸಿದರು. ನಿರ್ದೇಶಕರು ಕಡ್ಡಿಯ ಸಮೇತ ಕೈಯನ್ನು ಜೇಬಿಗಿಳಿಸಿದರು.

ಅಷ್ಟರಲ್ಲಿ ಮರಳಿನ ಹೊದಿಕೆ ಹಿಗ್ಗಿ, ತೆಳುವಾಗಿ, ಎರಡು ಬಿರುಕುಗಳ ನಡುವೆ ಕಾಲುವೆಯಂತೆ ಇಳಿದಿತ್ತು. ತೆಳುವಾದ ಆ ಜಾಗದಲ್ಲೇ ಗುಲಾಬಿ ಉಪ್ಪು ತಲೆಯೆತ್ತಿತು. ಮರಳಕ್ಕ ಗಂಟೆಗೊಂದು ಬಣ್ಣದ ಹೂಳು ಉದುರಿಸುತ್ತ ಹೋದರು. ಮಧ್ಯಾಹ್ನಕ್ಕೆ ಗಾಜಿನಾಚೆ ಗುಡ್ಡ ಎದೆಯುಬ್ಬಿಸಿ ನಿಂತಿತ್ತು.

"ಎದ್ದಿದೆ! ಎಲ್ಲಿ ಕುಸಿದಿದೆ?" ಎಂದರು ನಿರ್ದೇಶಕರು.

"ಇನ್ನೂ ಎಳೆಯೋದಿದೆ ಸಾರ್."

ಎರಡೂ ಬದಿಯ ನೆಲ ದೂರ ಸರಿಯುತ್ತಲೇ ಇತ್ತು. ಅಡಿಯಿಂದ ಬರಬೇಕಾದ ಉಪ್ಪು ಮುಗಿದಿತ್ತು. ಇದ್ದಷ್ಟರಲ್ಲೇ ಅಗಲವಾಗಬೇಕಾಗಿ ಬಂದ ಗುಡ್ಡ ಮೂರು ಗಂಟೆಯ ಹೊತ್ತಿಗೆ ತಗ್ಗತೊಡಗಿತು. ನೆತ್ತಿಯ ಮೇಲಿನ ಮರಳೂ ಅದರ ಜೊತೆಗೇ ಕೆಳಗಿಳಿಯಿತು. ಅಧ್ಯಕ್ಷರು ಎರಡೂ ಫೋನು ಆರಿಸಿ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡರು.

ಐದಕ್ಕೆ ಮೋಟಾರು ನಿಂತಿತು. ಮರಳಕ್ಕ ಮರಳು ಉದುರದಂತೆ ನೀರು ಚಿಮುಕಿಸಿ, ಉದ್ದನೆಯ ಚಾಕುವಿನಿಂದ ಒಂದೇ ಏಟಿಗೆ ಕೊಯ್ದು, ಅರ್ಧವನ್ನು ಪಕ್ಕಕ್ಕೆ ಸರಿಸಿದರು. ಕೊಯ್ದ ಮುಖದ ಪಕ್ಕ ಯಾರೋ ನಿರ್ದೇಶಕರು ತಪ್ಪೆಂದಿದ್ದ ಆ ಚಿತ್ರವನ್ನು ಹಿಡಿದರು. ಬಾಗಿದ ಪದರ, ಬಿರುಕು, ಗುಂಡಿ, ಅಡಿಯಲ್ಲಿ ಸೊಂಟ ಕುಸಿದ ಗುಡ್ಡ: ಅಚ್ಚೊತ್ತಿದ ಹಾಗೆ ಒಂದೇ! ನೆಲಮಾಳಿಗೆ ಚಪ್ಪಾಳೆಯಿಂದ ಅದುರಿತು. "ಮೇಜು ಇಲ್ಲೇ ಇರುತ್ತೆ. ಇಂಥದ್ದೇ ಇನ್ನೊಂದಕ್ಕೂ ಹಣ ಕೇಳಿ ಬರೆಯಿರಿ" ಎಂದರು ಅಧ್ಯಕ್ಷರು. ಅತ್ತೆ ಪಕ್ಕದಲ್ಲಿದ್ದವರನ್ನು ತಿವಿದು, "ನಮ್ಮ ಸೊಸೆ" ಎಂದು ಪರಿಚಯ ಹೇಳಿದರು, ಅವರು ಕೇಳದಿದ್ದರೂ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಎಲ್ಲ ಸರಿಯಮ್ಮ. ಆದರೆ ಇದನ್ನ ಇನ್ನೂ ಸ್ವಲ್ಪ ಬೇಗ ಮುಗಿಸೋಕಾಗ್ತಿರಲಿಲ್ಲವಾ?"

ಮರಳಕ್ಕ ಚಾಕು ಒರೆಸುತ್ತ ಹೇಳಿದರು: "ಎರಡು ಕೋಟಿ ವರ್ಷಾನ ಹತ್ತು ಗಂಟೇಲಿ ಮುಗಿಸಿದೀನಿ ಸಾರ್. ನೀವು ಮೋಟಾರ್ ಮುಟ್ಟದೇ ಇದ್ದಿದ್ರೆ ನಿನ್ನೇನೇ ಮುಗೀತಿತ್ತು."