ವಾರಗಿತ್ತಿ ಕೊಟ್ಟ ಕಲ್ಲು

ತುರುವೇಕೆರೆಯ ನನ್ನ ವಾರಗಿತ್ತಿ ಯಾರಿಗೂ ಏನನ್ನೂ ಸುಮ್ಮನೆ ಕೊಟ್ಟವಳಲ್ಲ. ಅಂಥವಳು ನೀಲಿ ಮುಚ್ಚಳದ ಡಬ್ಬಿಯಲ್ಲಿ ಉಪ್ಪುನೀರು ತುಂಬಿ, ಅದರೊಳಗೊಂದು ಕಲ್ಲಿಟ್ಟು ತಿಪಟೂರಿನ ನಮ್ಮ ಮನೆಗೆ ತಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸಮುದ್ರದ ಅಕ್ವೇರಿಯಂ ಸಾಕುವ ಹುಚ್ಚು ನಮ್ಮಿಬ್ಬರಿಗೂ ಇದೆ. ಮೊದಲು ಹಿಡಿದದ್ದು ಅವಳಿಗೆ. ನಾನು ಅವಳನ್ನು ನೋಡಿ ಕಲಿತವಳು ಎಂದು ನೆಂಟರ ಮನೆಗಳಲ್ಲೆಲ್ಲ ಸಾರಿಕೊಂಡು ಬಂದಿದ್ದಾಳೆ.

ಕಲ್ಲಿನ ಮೇಲೆ ಎರಡು ಪುಟ್ಟ ಜೀವಗಳು. ಕಂದು ಕಾಂಡ, ತುದಿಯಲ್ಲಿ ಗರಿ ಬಿಚ್ಚಿದ ಹಾಗೆ ಎಳೆಗಳು.

"ನೋಡೇ, ತೆಂಗಿನ ಸಸಿ ಇದ್ದಂಗಿಲ್ವಾ? ಇಟ್ಕೋ," ಅಂದಳು.

ನಾನೂ ಹಿಗ್ಗಿ, ನನ್ನ ನೇರಳೆ ಹವಳದ ಪಕ್ಕದಲ್ಲೇ ಇಟ್ಟೆ.

ಆ ಹವಳ ಉಗುರಿನಷ್ಟು ಚೂರಾಗಿ ಬಂದು ಅಂಗೈಯಗಲ ಬೆಳೆದಿತ್ತು. ತೋಟ ಮನೆತನದ್ದು, ಕೊಬ್ಬರಿ ಮಂಡಿ ಗಂಡನದು, ಒಡವೆ ಅತ್ತೆಯ ಬೀರುವಿನದು. ಇದೊಂದು ಮಾತ್ರ ನನ್ನದು. ಬೆಳಿಗ್ಗೆ ತೊಟ್ಟಿಯ ದೀಪ ಹಾಕಿ ಅದರ ಬಣ್ಣ ನೋಡದೆ ನಾನು ಕಾಫಿ ಕುಡಿಯುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಎರಡು ಸಸಿ ಹತ್ತಾದವು. ಅವುಗಳ ಎಳೆ ತಾಗಿದ ಕಡೆಯೆಲ್ಲ ಹವಳ ಸುಟ್ಟ ಹಾಗೆ ಮಂಕಾಯಿತು. ತೋಟದಲ್ಲಿ ತೆಂಗಿನ ಸುಳಿಗೆ ಹೊಕ್ಕ ದುಂಬಿಯನ್ನು ಕೊಕ್ಕೆ ಹಾಕಿ ಎಳೆದು ಕೊಲ್ಲುವುದನ್ನು ನೋಡಿಯೇ ಬೆಳೆದವಳು ನಾನು. ಮಂಡಿಯಲ್ಲಿ ಗೋಣಿಚೀಲ ಹೊಲೆಯುವ, ತುದಿ ಬಾಗಿದ ದಬ್ಬಣ ತಂದು ಒಂದೊಂದನ್ನೇ ಕಿತ್ತು ಚಿಂದಿ ಮಾಡಿದೆ. ಎಂಥಾ ಹಿತವಾಯಿತು! ಆದರೆ ದುಂಬಿ ಸತ್ತರೆ ಸತ್ತ ಹಾಗೆ, ಇವು ಹಾಗಲ್ಲ. ಬಿದ್ದ ಚೂರುಗಳೆಲ್ಲ ಹೊಸ ಸಸಿಗಳಾಗಿ ಎದ್ದು ನಿಂತವು. ಬಡಕಲು ಮರಕ್ಕೆ ಗೊಬ್ಬರ ಹಾಕುವ ಬುದ್ಧಿಯಲ್ಲಿ ಹವಳಕ್ಕೆ ಆಹಾರವನ್ನೂ ಹೆಚ್ಚು ಮಾಡಿದೆ. ನೀರು ಕೆಟ್ಟು, ಉಳಿದಿದ್ದ ನೇರಳೆಯೂ ಹೋಗಿ ಕೆಸರಿನ ಬಣ್ಣ ಬಂತು. ಪೀಡೆಗಳು ಮಾತ್ರ ಕೊಬ್ಬಿದವು.

ಕೊನೆಗೆ ಅಕ್ವೇರಿಯಂ ಅಂಗಡಿಯವನಿಗೆ ಫೋಟೋ ಕಳಿಸಿದೆ.

"ಕೀಳ್ಬೇಡಿ ಮೇಡಂ, ಕಿತ್ತಷ್ಟೂ ಹೆಚ್ಚಾಗ್ತವೆ. ಸುಣ್ಣ ಗಟ್ಟಿಯಾಗಿ ಕಲಸಿ ಸಿರಿಂಜಲ್ಲಿ ಬಾಯಿಗೆ ಬಿಡಿ. ಊಟ ಕಮ್ಮಿ ಮಾಡಿ, ನೀರು ಬದಲಾಯಿಸ್ತಾ ಇರಿ. ಹವಳದ್ದು ಒಂದು ಕೊಂಬೆ ಕತ್ತರಿಸಿ ಬೇರೆಯವರ ಟ್ಯಾಂಕಲ್ಲಿಡಿ, ಅದಾದ್ರೂ ಉಳೀಲಿ."

ಅತ್ತೆಯ ಎಲೆಅಡಿಕೆ ತಟ್ಟೆಯಿಂದ ಸುಣ್ಣ ಎತ್ತಿಕೊಂಡೆ. ಒಂದೊಂದು ಪೀಡೆಯ ಬಾಯಿಗೂ ವಾರಗಿತ್ತಿಯ ಹೆಸರು ಹೇಳಿಯೇ ಬಿಟ್ಟೆ. ಅವು ಮುದುರಿಕೊಂಡು ಬೆಳ್ಳಗಾಗುವುದನ್ನು ಕುರ್ಚಿ ಹಾಕಿಕೊಂಡು ಕೂತು ನೋಡಿದೆ.

ಗೌರಿ ಹಬ್ಬಕ್ಕೆ ತುರುವೇಕೆರೆಗೆ ಹೋದಾಗ ಅವಳ ತೊಟ್ಟಿಯನ್ನು ಇಂಚಿಂಚೂ ಹುಡುಕಿದೆ. ಒಂದೂ ಪೀಡೆಯಿರಲಿಲ್ಲ.

"ನಿಮ್ಮಲ್ಲಿ ಆ ಸಸಿಗಳು ಕಾಣ್ತಿಲ್ವಲ್ಲ ಅಕ್ಕಾ?"

"ಅವು ಆ ಕಲ್ಲೊಂದರ ಮೇಲೇ ಇದ್ವು ಕಣೇ. ದುಡ್ಡು ಕೊಟ್ಟು ತಂದ ಕಲ್ಲು, ಎಸೆಯೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ನಿಂಗೆ ಕೊಟ್ಟೆ," ಅಂದಳು, ಹೋಳಿಗೆಗೆ ತುಪ್ಪ ಬಡಿಸುತ್ತಾ. "ಆ ನೀಲಿ ಮುಚ್ಚಳದ ಡಬ್ಬಿ ಹಂಗೇ ಉಳ್ಕೊಂಡೈತೆ, ಕಳ್ಸೇ."

ನಾನು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ಬಂದ ಡಬ್ಬಿಯನ್ನು ಖಾಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಏನು ಕಳಿಸಬೇಕೆಂದು ಬಸ್ಸಿನಲ್ಲೇ ತೀರ್ಮಾನಿಸಿದೆ. ಅಳಿದುಳಿದದ್ದರಲ್ಲಿ ಒಂದು ದಪ್ಪ ಪೀಡೆಯನ್ನು ಸುಣ್ಣ ತಾಗಿಸದೆ ಸಾಕಿದೆ. ಅದಕ್ಕೆ ಕೈಯಾರೆ ತುತ್ತು ಕೊಟ್ಟೆ. ಅವಳ ತೊಟ್ಟಿ ತುಂಬ ಸಸಿ ಎದ್ದು ನಿಲ್ಲುವುದನ್ನು ನೆನೆದುಕೊಂಡು ಕೆಲಸ ಮಾಡುವಾಗಲೂ ನಗುತ್ತಿದ್ದೆ.

ಆದರೆ ಹವಳ ಬುಡದಿಂದ ಸಾಯತೊಡಗಿತು. ಕೊಂಬೆಯನ್ನು ಉಳಿಸಲು ಬೇರೆಯವರ ಟ್ಯಾಂಕ್ ಬೇಕು. ಈ ಸುತ್ತಿನಲ್ಲಿ ನನಗೆ ಗೊತ್ತಿರುವ ಇನ್ನೊಂದು ತೊಟ್ಟಿ ಅವಳದೇ.

ಹಲ್ಲು ಕಚ್ಚಿ ತುದಿಯ ಕೊಂಬೆ ಕತ್ತರಿಸಿದೆ. ಡಬ್ಬಿಗೆ ಹಾಕುವ ಮುಂಚೆ ಭೂತಗನ್ನಡಿ ಹಿಡಿದು ನೋಡಿದರೆ, ಅದರ ಸಂದಿಯಲ್ಲಿ ಸಾಸಿವೆಯಷ್ಟು ಒಂದು ಪೀಡೆ ತಾನಾಗಿಯೇ ಕೂತಿತ್ತು. ನಾನು ಇಟ್ಟದ್ದಲ್ಲ. ಸುಮ್ಮನೆ ಮುಚ್ಚಳ ಹಾಕಿದ್ದರೆ ಸಾಕಿತ್ತು. ಆದರೆ ಅದು ಮೊದಲು ಸುಡುವುದು ನನ್ನ ಕೊಂಬೆಯನ್ನೇ. ಅವಳಿಗೆ ಮನಸಾರೆ ಶಾಪ ಹಾಕುತ್ತಾ ಅದಕ್ಕೆ ಸುಣ್ಣ ಬಿಟ್ಟೆ. ಸಾಕಿದ್ದ ದಪ್ಪನೆಯದಕ್ಕೂ ಬಿಟ್ಟೆ. ಡಬ್ಬಿ ತುರುವೇಕೆರೆಗೆ ಹೋಯಿತು.

ಕೆಲವು ತಿಂಗಳಾದ ಮೇಲೆ ಅವಳು ನೆಂಟರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದಳು. ನನ್ನ ಹವಳ, ನಾನು ಬೆಳಿಗ್ಗೆ ಬೆಳಿಗ್ಗೆ ನೋಡುತ್ತಿದ್ದ ಅದೇ ನೇರಳೆ. ಅಕ್ಕನ ಕೈಗುಣ ಎಂದು ಎಲ್ಲರೂ ಹೊಗಳಿದರು. ನನ್ನ ತೊಟ್ಟಿಯ ತಾಯಿ ಹವಳ ಅಷ್ಟರಲ್ಲಿ ಬೋಳು ಬಿಳಿ ಕಡ್ಡಿಯಾಗಿತ್ತು. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಫೋನ್ ಮಾಡಿ ಒಂದು ಕೊಂಬೆ ಕೇಳಿದೆ.

"ಕೊಡನಂತೆ ಬುಡು, ಇನ್ನೂ ಎಳೇದು," ಅಂದಳು.

ಈ ಭಾನುವಾರ ಅವಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಎಲ್ಲರೂ ಊಟಕ್ಕೆ ಕೂತಾಗ ತೊಟ್ಟಿಯ ಹತ್ತಿರ ಯಾರೂ ಇರುವುದಿಲ್ಲ. ಕತ್ತರಿ ನನ್ನ ಬ್ಯಾಗಿನಲ್ಲಿದೆ. ಡಬ್ಬಿಯನ್ನೂ ಈ ಸಲ ನನ್ನದನ್ನೇ ಒಯ್ಯುತ್ತಿದ್ದೇನೆ.