ಹೆಬ್ಬೆಟ್ಟಿನ ರಜೆ

ನಮ್ಮ ಮನೆತನದಲ್ಲಿ ಸಂಬಳ ಸಹಿತ ರಜೆ ಪಡೆದದ್ದು ಮೊಟ್ಟಮೊದಲಿಗೆ ನಮ್ಮವ್ವನ ಬಲಗೈ ಹೆಬ್ಬೆಟ್ಟು. ಅದಕ್ಕಿಂತ ಮುಂಚೆ ನಮ್ಮಲ್ಲಿ ಯಾರಿಗೂ ರಜೆ ಅಂತ ಇದ್ದಿಲ್ಲ. ಅಪ್ಪ ಮಾತ್ರ ಆಗಾಗ ತನಗೆ ತಾನೇ ಮಂಜೂರು ಮಾಡಿಕೊಳ್ಳುತ್ತಿದ್ದ.

ನಮ್ಮೂರು ದೇವದುರ್ಗ ತಾಲ್ಲೂಕಿನಲ್ಲಿ, ಜಾಲಹಳ್ಳಿಯಿಂದ ಒಂದಿಷ್ಟು ಒಳಗೆ. ನಾನು ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ, ರಜೆ ಸಿಕ್ಕರೆ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಮನೆಯ ಯಜಮಾನಿಯ ಖಾತೆಗೆ ಸರ್ಕಾರ ತಿಂಗಳು ತಿಂಗಳು ರೊಕ್ಕ ಹಾಕುತ್ತದೆ ಎಂಬ ಸುದ್ದಿ ಬಂದಾಗ ಅಪ್ಪ ಮೊದಲು ನಕ್ಕ, ಆಮೇಲೆ ಸಿಟ್ಟಾದ.

"ಯಜಮಾನಿ ಅಂದ್ರ? ಹಂಗಾರ ನಾ ಏನು, ಈ ಮನ್ಯಾಗ ಬಾಡಿಗಿಗೆ ಇದ್ದೀನೇನು?"

ಬಳೆಗಾರ್ತಿ ಓಣಿಗೆ ಬಂದಾಗಲೆಲ್ಲ ಅವ್ವ ಕೈ ಚಾಚಿದರೆ "ಮೊನ್ನೆ ಕೊಟ್ಟಿದ್ದು ಏನಾತು?" ಎಂದು ವಿಚಾರಣೆ ನಡೆಸಿಯೇ ಕಿಸೆಗೆ ಕೈ ಹಾಕುತ್ತಿದ್ದ ಗಂಡ ಆತ. ಅವನಿಗೆ ಉತ್ತರ ಕೊಡುವ ಅವಸರ ಅವಳಿಗಿರಲಿಲ್ಲ.

ರೊಕ್ಕ ಬಂತು. ಆದರೆ ಕೈಗೆ ಬರಬೇಕಲ್ಲ! ನಮ್ಮೂರ ಕಿರಾಣಿ ಅಂಗಡಿಯ ಚಾಚಾ ಬ್ಯಾಂಕಿನ ಬೆರಳಚ್ಚಿನ ಮಷಿನ್ ಇಟ್ಟುಕೊಂಡಿದ್ದರು. ಬೆರಳು ಇಟ್ಟರೆ ಹಸಿರು ದೀಪ, ರೊಕ್ಕ. ಅವ್ವ ಹೆಬ್ಬೆಟ್ಟು ಇಟ್ಟಳು. ಕೆಂಪು. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಮತ್ತೂ ಕೆಂಪು. ಬಲಗೈಯ ಉಳಿದ ಬೆರಳುಗಳದೂ ಅದೇ ಹಣೆಬರಹ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಹಂಗಾಮು ಬಂದಾಗ ಟಂಟಂ ಆಟೊ ಹತ್ತಿ ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಗೆ ಹೋಗಿ ಕೆಸರಿನಲ್ಲಿ ಭತ್ತದ ಸಸಿ ನೆಟ್ಟು ಆ ಕೈ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಗೆರೆ ಅನ್ನುವುದೇ ಉಳಿದಿರಲಿಲ್ಲ.

"ಎಡಗೈದು ಇಟ್ಟು ನೋಡ್ರಿ, ಯವ್ವಾ" ಎಂದರು ಚಾಚಾ.

ಅವ್ವ ಹೌಹಾರಿದಳು. "ಲಕ್ಷ್ಮಿ ಮನಿಗೆ ಬರೋ ಹೊತ್ತಿನ್ಯಾಗ ಎಡಗೈ ಚಾಚಲೇನ್ರಿ? ಬಿಡ್ತು ಅನ್ರಿ!"

ಹಿಂದೆ ನಿಂತ ಹೆಂಗಸರೆಲ್ಲ ಹೌದ್ಹೌದು ಎಂದರು. ಚಾಚಾ ಬಿಡ್ತು ಅಂದು, ಬೇರೆ ಮದ್ದು ಹೇಳಿದರು. "ಹಂಗಾರ ನಾಕು ದಿನ ಕೆಲಸ ಮುಟ್ಟಬ್ಯಾಡ್ರಿ. ನೀರಾಗ ಕೈ ಇಡಬ್ಯಾಡ್ರಿ. ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಸುಮ್ನ ಕುಂಡ್ರಿ. ಗೆರಿ ಮತ್ತ ಮೂಡ್ತಾವ."

ರೊಕ್ಕ ಮಷಿನ್ನಿನೊಳಗೆ ಸಿಕ್ಕಿಕೊಂಡಿದೆ ಎಂದು ತಿಳಿದದ್ದೇ ಅಪ್ಪನ ರಾಗ ಬದಲಾಯಿತು. "ಏ, ಆ ಕೊಡ ಇಳಸು! ಹೆಬ್ಬೆಟ್ಟು ಸವೀತದ!" ಎಂದು ಅಂಗಳದಿಂದಲೇ ಕೂಗಿದ. ನೀರು ತರುವುದು, ಮುಸುರೆ ತಿಕ್ಕುವುದು ಅಣ್ಣನ ಪಾಲಿಗೆ ಬಂತು. ಅವನಿಗೆ ಹೆಣ್ಣು ನೋಡುತ್ತಿದ್ದ ಕಾಲ. ಅಣ್ಣ ಯಾರಿಗೂ ಕಾಣದಂತೆ ಬಾಗಿಲು ಮುಂದೆ ಮಾಡಿಕೊಂಡು ತಿಕ್ಕುತ್ತಿದ್ದ. ಆದರೂ ಪಕ್ಕದ ಮನೆಯಾಕೆ ಇಣುಕಿ, "ಯಾಕಪಾ, ಅವ್ವಗ ಆರಾಮಿಲ್ಲೇನು?" ಎಂದಳು.

"ಅವ್ವ ಆರಾಮದಾಳ. ಹೆಬ್ಬೆಟ್ಟಿಗೆ ಆರಾಮಿಲ್ಲ" ಎಂದ ಅಣ್ಣ.

ರೊಟ್ಟಿ ಅಪ್ಪನ ಪಾಲಿಗೆ. ಅವನ ಮೊದಲ ರೊಟ್ಟಿ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಚಪ್ಪಲಿ ಅಟ್ಟೆ. ಅವ್ವ ಎಣ್ಣೆ ಹಚ್ಚಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹತ್ತಿರ ಕುಳಿತು, "ಮೆತ್ತಗ ತಟ್ರಿ. ಪಾಪ, ಆ ಹಿಟ್ಟು ನಿಮಗೇನು ಮಾಡ್ಯದ?" ಎನ್ನುತ್ತಿದ್ದಳು.

ಅದೇ ವಾರ ಮಾನ್ವಿಗೆ ಹೊರಟ ಟಂಟಂ ನಮ್ಮ ಮನೆ ಮುಂದೆ ನಿಂತಿತು. "ಬಾ ಬೇ, ನಾಟಿಗೆ ಹೊತ್ತಾಗಾಕತ್ತದ!" ಎಂದು ಹೆಂಗಸರು ಕರೆದರು.

"ಒಲ್ಲೆ. ನನ್ನ ಹೆಬ್ಬೆಟ್ಟು ರಜಾದ ಮ್ಯಾಲ ಅದ."

ಟಂಟಂಗೆ ಟಂಟಮ್ಮೇ ನಕ್ಕಿತು. ನಕ್ಕವರೆಲ್ಲ ಹೊರಡುವ ಮುಂಚೆ ತಮ್ಮ ತಮ್ಮ ಹೆಬ್ಬೆಟ್ಟು ನೋಡಿಕೊಂಡರು.

ನಾಕು ದಿನ ಕಳೆದು ಹಸಿರು ದೀಪ ಹತ್ತಿತು. ಅವ್ವ ದೇವದುರ್ಗಕ್ಕೆ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಂಡಳು. ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟು ಪುಕ್ಕಟೆ, ಕುರ್ಚಿಗೆ ಲಗೇಜು ಕೊಡು ಎಂದನಂತೆ ಕಂಡಕ್ಟರ್. "ಇದೂ ಹೆಣ್ಣಮಗಳು ಅಂತ ತಿಳ್ಕೋರಿ" ಎಂದು ಇವಳು ಅದರಲ್ಲೇ ಕೂತು ಬಂದಳಂತೆ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. ಒಂದು ದಿನ ಅಪ್ಪ ಎಲೆ ಅಡಿಕೆಗೆಂದು ಅದರ ಮುಂದೆ ನಿಂತು ಕೈ ಚಾಚಿದಾಗ ಅವ್ವ ಸಾವಕಾಶವಾಗಿ ಕೇಳಿದಳು, "ಮೊನ್ನೆ ಕೊಟ್ಟಿದ್ದು ಏನಾತು?"

ಕೆಲಸಕ್ಕೆ ಬಿದ್ದ ಕೈಯಲ್ಲಿ ಗೆರೆ ಎಷ್ಟು ದಿನ ನಿಂತೀತು? ಅದಕ್ಕೇ ಫೋನಿಗೆ ರೊಕ್ಕದ ಮೆಸೇಜು ಬಂದಾಗಲೆಲ್ಲ ಅವ್ವ ಕುರ್ಚಿಗೆ, ಅಪ್ಪ ಒಲೆಗೆ ಎಂಬುದು ನಮ್ಮ ಮನೆಯ ರೂಢಿಯಾಯಿತು.

ಹೋದ ವರ್ಷ ನಾನು ಊರಿಗೆ ಬಂದ ದಿನವೇ ಮೆಸೇಜು ಬಂತು. ಒಮ್ಮೆ ಬೆರಳಿಟ್ಟು ನೋಡಿಯಾದರೂ ಬರುತ್ತೇನೆಂದು ಅವ್ವ ಹೊರಟಳು, ನಾನೂ ಬೆನ್ನು ಹತ್ತಿದೆ. ಅಂಗಡಿಯಲ್ಲಿ ಅವ್ವ ಅತ್ತಿತ್ತ ನೋಡಿ, ಎಡಗೈಯ ಉಂಗುರ ಬೆರಳು ಚಾಚಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಸಿರು! ಚಾಚಾ ಏನೂ ಆಗಿಲ್ಲವೆಂಬಂತೆ ರೊಕ್ಕ ಎಣಿಸಿದರು. ಅವ್ವ ಅದನ್ನು ಎಲೆ ಅಡಿಕೆ ಸಂಚಿಯ ತಳಕ್ಕೆ ಸೇರಿಸಿದಳು.

"ಯವ್ವಾ! ಎಡಗೈ?"

"ಮೆಲ್ಲಕ ಮಾತಾಡು, ಮಗಳಾ. ಎರಡನೇ ಸಲದಿಂದ ಇದೇ ಬೆರಳು. ಕೆಲಸಗಳ್ಳ ಬೆರಳು ನೋಡು, ಗೆರಿ ಹಂಗೇ ಅದಾವ."

"ಮತ್ತ ಲಕ್ಷ್ಮಿ?"

"ಲಕ್ಷ್ಮಿನೂ ಹೆಂಗಸೇ. ಆಕಿಗೆ ತಿಳೀತದ." ಸ್ವಲ್ಪ ದೂರ ನಡೆದು ಅಂದಳು, "ರೊಕ್ಕ ಇವತ್ತು ಬರ್ತದ, ನಾಳಿ ಖರ್ಚಾಗ್ತದ. ನಾಕು ದಿನ ಕುಂಡ್ರೋದನ್ನ ಯಾವ ಸರ್ಕಾರ ಕೊಡ್ತದ? ಮನ್ಯಾಗ ಬಾಯಿ ಬಿಟ್ಟಿ ಅಂದ್ರ ನೋಡು!"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನನಗೆ ತಿಳುವಳಿಕೆ ಬಂದಾಗಿನಿಂದ ಹಗಲು ಹೊತ್ತಿನಲ್ಲಿ ಅವ್ವ ಸುಮ್ಮನೆ ಕೂತದ್ದನ್ನು ನಾನು ಆ ಹೆಬ್ಬೆಟ್ಟಿನ ರಜೆ ಬರುವ ತನಕ ಕಂಡಿರಲಿಲ್ಲ.

ಮನೆಗೆ ಬಂದು ಅವ್ವ ಮುಖ ಸಣ್ಣದು ಮಾಡಿ, "ಕೆಂಪ ಬಂತ್ರಿ. ಇನ್ನೂ ನಾಕು ದಿನ ಬೇಕಂತ" ಎಂದು ಕುರ್ಚಿಗೆ ಇಳಿದಳು. "ಬರಲಿ ಬಿಡು" ಎಂದು ಅಪ್ಪ ಹಿಟ್ಟು ತೆಗೆದ. ನಾನು ಬಾಯಿ ಬಿಗಿಹಿಡಿದು ಒಲೆಯ ಹತ್ತಿರ ಕೂತೆ.

ಅಪ್ಪ ರೊಟ್ಟಿ ತಟ್ಟುತ್ತಾ ಪಿಸುಗುಟ್ಟಿದ, "ಉಂಗುರ ಬೆರಳು ಇಟ್ಟಳಿಲ್ಲೋ?"

ನಾನು ಬೆಪ್ಪಾದೆ. "ನಿನಗ ಹೆಂಗ ಗೊತ್ತು, ಯಪ್ಪಾ?"

"ಚಾಚಾ ಎಂದೋ ಹೇಳ್ಯಾನ."

"ಮತ್ತ ಯಾಕ ಸುಮ್ನದಿ?"

ಅಪ್ಪ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದ. ದುಂಡಗೆ ಬಂದಿತ್ತು.

"ನನಗ ಗೊತ್ತದ ಅಂತ ತಿಳಿದ್ರ ಆಕಿ ಕುಂಡ್ರಂಗಿಲ್ಲವ್ವಾ, ಎದ್ದು ಬಂದುಬಿಡ್ತಾಳ" ಎಂದ. ಆಮೇಲೆ ಹೊರಗೆ ಕೇಳುವಂತೆ ದನಿ ಎತ್ತಿ ಗದರಿದ, "ಏ, ಹೆಬ್ಬೆಟ್ಟಿಗೆ ಎಣ್ಣಿ ಹಚ್ಚಿಕೊಂಡಿಯಿಲ್ಲೋ?"

"ಹಚ್ಚಿಕೊಳ್ಳಾಕತ್ತೀನ್ರೀ" ಎಂದಿತು ಕುರ್ಚಿ ಕಡೆಯ ದನಿ.