ಪಿನ್ ಹೊಡೆದ ಕೊನೆಯ ಅಧ್ಯಾಯ

ಕಳೆದ ಭಾನುವಾರ ಮಗಳು ವಿಜಯನಗರದ ಹಳೇ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತಂದಳು. ಕ್ಯಾಲೆಂಡರ್ ಹಾಳೆಯ ಹೊದಿಕೆ, ಅದರ ಮೇಲೆ ಅರ್ಧ ಮಾಸಿದ ಲಕ್ಷ್ಮಿ. ಮೂಗಿನ ಹತ್ತಿರ ಹಿಡಿದರೆ ಮೈದಾ ಅಂಟಿನ ವಾಸನೆ, ಜೊತೆಗೆ ನ್ಯಾಫ್ತಲಿನ್ ಗುಳಿಗೆಯದು... ಕೊನೆಯ ಹಾಳೆಗಳನ್ನು ಹಿಡಿದಿಟ್ಟಿದ್ದ ತುಕ್ಕು ಪಿನ್ನುಗಳನ್ನು ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಇದು ನಮ್ಮ ಲೈಬ್ರರಿ ಆಂಟಿಯ ಪುಸ್ತಕ.

ಗೋವಿಂದರಾಜನಗರದಲ್ಲಿ ನನ್ನ ತವರಿನ ಬಾಡಿಗೆ ಮನೆಯ ಎದುರು, ಮಹಡಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಅವರು ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬೀದಿಯ ಹೆಂಗಸರೇ ಗಿರಾಕಿಗಳು. ಹತ್ತೊಂಬತ್ತನೇ ಶತಮಾನದ ಪರದೇಶದ ಕಾದಂಬರಿಗಳ ಕನ್ನಡ ಅನುವಾದಗಳೆಂದರೆ ಆಂಟಿಗೆ ಪ್ರಾಣ. ಅತ್ತೆಯರ ಕಣ್ಣಿಗೆ ಬೀಳದಿರಲಿ ಎಂದು ಹೊರಗೆ ದೇವರ ಹೊದಿಕೆ. ಒಳಗೆ ಮೋಹದಲ್ಲಿ ಬೇಯುವ ಹೆಂಗಸರು. ಆ ಹೆಂಗಸರು ಕೊನೆಗೆ ತಪ್ಪದೆ ಸಾಯುತ್ತಿದ್ದರು. ವಿಷ, ಹೊಳೆ, ಅದೂ ಇಲ್ಲದಿದ್ದರೆ ಕ್ಷಯ. ಅವರು ಮೆಚ್ಚಿದ ಗಂಡಸು ಮಾತ್ರ ಮುಂದಿನ ಪುಟದಲ್ಲಿ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದ.

ಆಂಟಿ ಆ ಕೊನೆಯ ಅಧ್ಯಾಯಗಳಿಗೆ ಪಿನ್ ಹೊಡೆದೇ ಪುಸ್ತಕ ಕೊಡುತ್ತಿದ್ದರು. "ಇಲ್ಲೀವರ್ಗೂ ಓದಿ. ಮುಂದೆ ಏನಾಗ್ಬೇಕು ಅಂತ ನೀವೇ ಯೋಚ್ನೆ ಮಾಡ್ಕೊಳ್ಳಿ" ಎನ್ನುತ್ತಿದ್ದರು.

ನಾನು ಆಗ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದೆ. ಕೆಲಸಕ್ಕೆ ಹೋಗುತ್ತಿದ್ದ ಆಫೀಸಿನಲ್ಲಿ ಒಬ್ಬರು ಮದುವೆಯಾಗೋಣ ಎಂದು ಕೇಳಿದ್ದರು. ಅಮ್ಮನಿಗೆ ಜನ ಏನಂತಾರೋ ಎಂಬ ಭಯ. ನನಗೆ ನನ್ನ ಮೈಯದೇ ಭಯ. ಅವರು ನನ್ನ ಮೇಜಿನ ಪಕ್ಕ ಬಂದು ನಿಂತರೆ ಕಿವಿ ಬಿಸಿಯಾಗುತ್ತಿತ್ತು, ಮನೆಗೆ ಬಂದ ಮೇಲೂ ಅದೇ ಗುಂಗು. ಇಷ್ಟು ಆಸೆ ಇರುವವಳು ಒಳ್ಳೆಯ ಹೆಂಗಸು ಹೇಗಾದಾಳು ಎಂದು ಒಳಗೊಳಗೇ ನಾಚಿ ಸಾಯುತ್ತಿದ್ದೆ.

ಅದೇ ವಾರ ತಂದ ಕಾದಂಬರಿಯ ಪಿನ್ನನ್ನು ಹೇರ್‌ಪಿನ್ನಿನಿಂದ ಕಿತ್ತು ಓದಿದೆ. ಅವಳು ಸತ್ತಳು. ಅತ್ತೂ ಅತ್ತೂ, ಆಫೀಸಿನವರಿಗೆ ಬೇಡವೆಂದು ಹೇಳಿಬಿಡುವುದೇ ಸರಿ ಎಂದುಕೊಂಡೆ. ಪುಸ್ತಕ ವಾಪಸು ಕೊಟ್ಟಾಗ ಆಂಟಿ ಹಾಳೆಯಲ್ಲಿನ ತೂತುಗಳನ್ನು ನೋಡಿದರು.

"ಕಿತ್ತು ಓದ್ಬಿಟ್ಯಾ?"

"ಸತ್ತೋದ್ಲು ಆಂಟಿ."

"ಇನ್ನೇನ್ ಮಾಡ್ತಾಳೆ. ಆಸೆಪಟ್ಟೋಳು ಬದುಕ್ಬಿಟ್ರೆ ಊರೋರಿಗೆ ನಿದ್ದೆ ಬರಲ್ವಲ್ಲ, ಅದಕ್ಕೇ ಬರ್ಯೋರು ಸಾಯಿಸ್ತಿದ್ರು."

"ನಂಗೂ ಆಸೆ ಇದೆ ಆಂಟಿ" ಅಂದುಬಿಟ್ಟೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಆಫೀಸಿನವರು ಕೇಳಿದ್ದನ್ನೂ ಹೇಳಿದೆ.

ಅವರು ಹೊಸ ಪಿನ್ ಹೊಡೆಯುತ್ತಿದ್ದರು. ತಲೆ ಎತ್ತಲಿಲ್ಲ. "ಇರ್ಲಿ ಬಿಡೇ. ಮೈಯಲ್ಲಿ ಜೀವ ಇದ್ಮೇಲೆ ಅದೂ ಇರತ್ತೆ, ಕೆಟ್ಟದ್ದೇನಲ್ಲ. ಆ ಹುಡುಗ ಒಳ್ಳೆಯವನಾ? ಅಷ್ಟು ನೋಡ್ಕೋ ಸಾಕು."

ನೋಡಿಕೊಂಡೆ. ಒಳ್ಳೆಯವರೇ. ಒಪ್ಪಿಕೊಂಡೆ. ಮದುವೆಯ ಊಟದಲ್ಲಿ ನೆಂಟರು ಗುಸುಗುಸು ಶುರುಮಾಡಿದಾಗ, ಆಂಟಿ ಅಮ್ಮನ ಪಕ್ಕ ಕೂತು ಎಲ್ಲರಿಗೂ ಕೇಳುವ ಹಾಗೆ ಕೂಗಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅಮ್ಮ ಆ ದಿನ ಮೊದಲ ಸಲ ನಕ್ಕಿದ್ದು ಆಗಲೇ.

ಆ ಮೆಟ್ಟಿಲ ಕೆಳಗೆ ಈಗ ಮೊಬೈಲ್ ಕವರ್ ಮಾರುತ್ತಾರೆ. ಆಂಟಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ... ನನ್ನ ಬದುಕು ನಿಮ್ಮಿಂದ ಎಂದು ಒಂದು ಸಲ ಹೇಳಬಹುದಿತ್ತು. ಹೇಳಲಾಗಲಿಲ್ಲ ಎಂಬ ನೋವು ಇನ್ನೂ ಇದೆ.

ನಿನ್ನೆ ಸಂಜೆ ಮಗಳು ಉಗುರಿನಲ್ಲೇ ಪಿನ್ ಎಬ್ಬಿಸಿ, ಕೊನೆಯವರೆಗೂ ಓದಿ, ಪುಸ್ತಕವನ್ನು ದಿವಾನ್ ಮಂಚದ ಮೇಲೆ ಎಸೆದಳು.

"ಅಮ್ಮಾ, ಇವಳ್ಯಾಕೆ ಸಾಯ್ಬೇಕಿತ್ತು?"

ಅವಳ ದನಿಯಲ್ಲಿ ಕೋಪವಿತ್ತು. ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ಇದನ್ನು ಓಡಿಹೋಗಿ ಹೇಳೋಣವೆಂದರೆ ಆ ಮೆಟ್ಟಿಲ ಕೆಳಗೆ ಆಂಟಿ ಇಲ್ಲವಲ್ಲ ಎಂದು ಕಣ್ಣು ತುಂಬಿತು. ಪುಸ್ತಕ ಎತ್ತಿ, ಒರೆಸಿ, ಕಪಾಟಿನಲ್ಲಿಟ್ಟೆ. ಪಿನ್ ಮತ್ತೆ ಹೊಡೆಯಲಿಲ್ಲ.